ಕಾಲುಪಟ್ಟಿ: ಒದೆತದ ಲೆಕ್ಕದಲ್ಲಿ ಪಾಸು, ನಿದ್ದೆಯ ಲೆಕ್ಕದಲ್ಲಿ ಫೇಲು

ಕಣಕಾಲಿಗೆ ಕಟ್ಟಿಕೊಂಡು ಮಲಗುವ ಈ ಸೆನ್ಸರ್ ಪಟ್ಟಿಯನ್ನು ಕೊಂಡು ವರ್ಷ ದಾಟಿತು. ಇದರ ಬಗ್ಗೆ ಸಿಗುವ ಹೊಗಳಿಕೆಗಳಲ್ಲಿ ಹೆಚ್ಚಿನವು ಮೊದಲ ವಾರದ ಉತ್ಸಾಹದಲ್ಲಿ ಬರೆದವು. ತುಮಕೂರಿನ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಪಟ್ಟಿಯ ಕಥೆ ಬೇರೆ. ಕಾಲು ಎಷ್ಟು ಸಲ ಎಗರಿತು ಎಂಬುದನ್ನು ಇದು ಚೆನ್ನಾಗಿ ಹೇಳುತ್ತದೆ. ಬೆಳಿಗ್ಗೆ ನಿದ್ದೆಗೆಂದು ಕೊಡುವ ಅಂಕವನ್ನು ಮಾತ್ರ ನಾನು ನೋಡುವುದನ್ನೇ ಬಿಟ್ಟಿದ್ದೇನೆ.

ನನ್ನ ತೊಂದರೆಗೆ ಡಾಕ್ಟರು ಇಟ್ಟ ಹೆಸರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಸಂಜೆಯಾದರೆ ಮೀನಖಂಡದೊಳಗೆ ಇರುವೆ ಹರಿದಂತಾಗುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಾಯೆನಿಸುತ್ತದೆ, ಕಾಲು ಚಾಚಿ ಕೂತರೆ ಮತ್ತೆ ಶುರು. ಈ ತೊಂದರೆಯಿರುವ ಬಹಳಷ್ಟು ಜನರಿಗೆ ನಿದ್ದೆಯಲ್ಲೂ ಕಾಲು ಎಗರುತ್ತದೆ. ಹೆಬ್ಬೆರಳು ಸೆಟೆಯುತ್ತದೆ, ಪಾದ ಮೇಲಕ್ಕೆ ಬಾಗುತ್ತದೆ, ಕೆಲವೊಮ್ಮೆ ಮೊಣಕಾಲೂ ಮಡಚಿಕೊಳ್ಳುತ್ತದೆ. ನನಗೆ ಇದಾವುದೂ ತಿಳಿಯುವುದಿಲ್ಲ. ತಿಳಿಯುವುದು ನಮ್ಮ ಯಜಮಾನರಿಗೆ. "ಹಗಲು ಶಾಲೆಯ ಮಕ್ಕಳನ್ನು ಗದರಿಸಿ, ರಾತ್ರಿ ನನ್ನನ್ನು ಒದೆಯುತ್ತೀಯ" ಎಂಬುದು ಅವರ ಹಳೆಯ ದೂರು. ಮಗಳ ಸ್ಮಾರ್ಟ್ ವಾಚನ್ನು ಕಟ್ಟಿಕೊಂಡು ಮಲಗಿದರೆ ಅದು "ಅತ್ಯುತ್ತಮ ನಿದ್ದೆ" ಎಂದು ಸರ್ಟಿಫಿಕೇಟು ಕೊಟ್ಟಿತ್ತು. ಒದೆಯುವುದು ಕಾಲು, ವಾಚು ಇರುವುದು ಕೈಯಲ್ಲಿ!

ನಿದ್ರಾತಜ್ಞರ ಲೆಕ್ಕ ಬಿಗಿಯಾದದ್ದು. ಒಂದು ಎಗರಾಟ 0.5ರಿಂದ 10 ಸೆಕೆಂಡು ಇರಬೇಕು, ಒಂದಕ್ಕೂ ಮುಂದಿನದಕ್ಕೂ 5ರಿಂದ 90 ಸೆಕೆಂಡು ಅಂತರವಿರಬೇಕು, ಹಾಗೆ ಕನಿಷ್ಠ 4 ಸಾಲಾಗಿ ಬಂದರಷ್ಟೇ ಲೆಕ್ಕಕ್ಕೆ. ದೊಡ್ಡವರಲ್ಲಿ ಗಂಟೆಗೆ 15 ದಾಟಿದರೆ ಹೆಚ್ಚು ಎನ್ನುತ್ತಾರೆ. ಪಟ್ಟಿಯ ಗ್ರಾಫ್‌ನಲ್ಲಿ ಈ ಲಯ ಕಣ್ಣಿಗೆ ಕಟ್ಟುತ್ತದೆ. ಹನ್ನೊಂದೂವರೆಯಿಂದ ಎರಡು ಗಂಟೆಯವರೆಗೆ, ಅರ್ಧ ನಿಮಿಷಕ್ಕೊಂದರಂತೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಗೀಟುಗಳು. ಬೆಳಗಿನ ಜಾವಕ್ಕೆ ಚದುರಿ ವಿರಳವಾಗುತ್ತವೆ. ಇಂಥ ಎಗರಾಟ ರಾತ್ರಿಯ ಮೊದಲರ್ಧದಲ್ಲೇ ಹೆಚ್ಚು ಎಂದು ಡಾಕ್ಟರು ಹೇಳಿದ್ದೂ ಇದನ್ನೇ.

ಆದರೆ ಪಟ್ಟಿಯೊಳಗಿರುವುದು ಬರೀ ಆಕ್ಸೆಲೆರೋಮೀಟರ್. ಏನೋ ಅಲುಗಿತು ಎಂಬುದಷ್ಟೇ ಅದಕ್ಕೆ ಗೊತ್ತು. ಮಳೆ ಹಿಡಿದ ಒಂದು ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಿತು. ಸೊಳ್ಳೆ ಕಾಟಕ್ಕೆ ಕಾಲು ಝಾಡಿಸುತ್ತ ಎಚ್ಚರವಾಗಿಯೇ ಬಿದ್ದುಕೊಂಡಿದ್ದೆ. ಮರುದಿನದ ವರದಿಯಲ್ಲಿ ಆ ಹೊತ್ತೆಲ್ಲ ಕಾಲು ಎಗರಾಡಿದ ನಿದ್ದೆಯಾಗಿತ್ತು. ಹೆಬ್ಬೆರಳು ಮಾತ್ರ ಸೆಟೆದರೆ ಕಣಕಾಲಿನ ಪಟ್ಟಿಗೆ ಅದು ತಲುಪುವುದೂ ಇಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಿದ್ರಾ ಪರೀಕ್ಷೆಗೆ ಮಲಗಿದಾಗ ವ್ಯತ್ಯಾಸ ಅರ್ಥವಾಯಿತು. ಅಲ್ಲಿ ಮೊಣಕಾಲ ಕೆಳಗೆ ಮುಂಭಾಗದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸುತ್ತಾರೆ, ತಲೆಗೂ ವೈರು ಹಚ್ಚುತ್ತಾರೆ. ನಿದ್ದೆಯೋ ಎಚ್ಚರವೋ ಎಂಬುದನ್ನು ಮಿದುಳಿನ ಅಲೆಗಳೇ ಹೇಳುತ್ತವೆ. ಹಾಗೆಂದು ಒಂದೇ ರಾತ್ರಿಯ ಪರೀಕ್ಷೆಯೂ ಪೂರ್ತಿ ಕಥೆ ಹೇಳಲಾರದು. ಈ ಎಗರಾಟ ರಾತ್ರಿಯಿಂದ ರಾತ್ರಿಗೆ ಬಹಳ ಏರಿಳಿಯುತ್ತದೆ. ಮನೆಯ ಹಾಸಿಗೆಯಲ್ಲಿ ವಾರಗಟ್ಟಲೆ ದಾಖಲಿಸುವುದರಲ್ಲಿ ಈ ಪಟ್ಟಿ ತನ್ನ ಬೆಲೆ ತೀರಿಸುತ್ತದೆ.

ಹೆಣ್ಣುಮಕ್ಕಳಿಗೊಂದು ಕಿವಿಮಾತು, ಕೈಪಿಡಿಯಲ್ಲಿ ಇದು ಸಿಗದು: ಬೆಳ್ಳಿ ಕಾಲುಚೈನು ಪಟ್ಟಿಗೆ ತಾಗುತ್ತಿದ್ದರೆ ಲೆಕ್ಕ ಸುಮ್ಮಸುಮ್ಮನೆ ಏರುತ್ತದೆ. ಬಿಚ್ಚಿಟ್ಟರೆ ನಮ್ಮ ಅತ್ತೆಯವರಿಗೆ ಸಮಾಧಾನವಿಲ್ಲ. ಪಟ್ಟಿ ಒಂದೇ, ಕಾಲು ಎರಡು. ಎರಡೂ ಕಾಲಿನ ಲೆಕ್ಕ ಬೇಕೆಂದು ವಾರಕ್ಕೊಮ್ಮೆ ಪಟ್ಟಿಯನ್ನು ಬದಲಿಸುತ್ತೇನೆ. ಹಾಗಾಗಿ ಈಗ ರಾತ್ರಿ ಹೊತ್ತು ಒಂದು ಕಾಲಿಗೆ ಪಟ್ಟಿ, ಇನ್ನೊಂದಕ್ಕೆ ಚೈನು ಎಂದು ರಾಜಿಯಾಗಿದೆ. ಕಾಲುಂಗುರದಿಂದ ಏನೂ ತೊಂದರೆಯಿಲ್ಲ.

ನನಗೆ ನಿಜವಾದ ಲಾಭವಾದದ್ದು ಡಾಕ್ಟರ ಮೇಜಿನ ಮುಂದೆ. "ರಾತ್ರಿ ಕಾಲು ಒಂಥರಾ ಆಗುತ್ತದೆ" ಎಂದು ವರ್ಷಗಳಿಂದ ಹೇಳುತ್ತಿದ್ದವಳಿಗೆ ಹಿಂದೆಲ್ಲ ಸಿಕ್ಕಿದ್ದು ವಿಟಮಿನ್ ಮಾತ್ರೆ. ಈ ಸಲ ಗ್ರಾಫ್ ನೋಡಿದ ನರರೋಗ ತಜ್ಞರು ನಿದ್ರಾ ಪರೀಕ್ಷೆಯ ಜೊತೆಗೆ ಫೆರಿಟಿನ್ ಪರೀಕ್ಷೆಗೂ ಬರೆದುಕೊಟ್ಟರು. "ನನ್ನ ಹಿಮೋಗ್ಲೋಬಿನ್ ಚೆನ್ನಾಗಿದೆಯಲ್ಲ ಡಾಕ್ಟ್ರೇ" ಎಂದೆ. "ಅದು ಬೇರೆ ಅಮ್ಮಾ, ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಹೇಳುವುದು ಫೆರಿಟಿನ್" ಎಂದರು. ಲ್ಯಾಬಿನ ಕಾಗದದಲ್ಲಿ ನನ್ನ ಅಂಕಿ "ನಾರ್ಮಲ್" ಸಾಲಿನಲ್ಲೇ ಇತ್ತು. ಆದರೆ ಈ ಕಾಯಿಲೆಯಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡುವುದನ್ನು ಯೋಚಿಸುತ್ತಾರೆ. ಮಾತ್ರೆಯ ಜೊತೆ ಕಾಫಿ, ಟೀ ಕುಡಿಯಬಾರದು, ಅವು ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತವೆ. ನೆಗಡಿಗೆ ನುಂಗುವ, ನಿದ್ದೆ ಬರಿಸುವ ಕೆಲವು ಮಾತ್ರೆಗಳೂ ಕಾಲಿನ ಕಾಟ ಹೆಚ್ಚಿಸುತ್ತವೆ ಎಂದು ಎಚ್ಚರಿಸಿದರು. ಸಂಜೆಯ ಫಿಲ್ಟರ್ ಕಾಫಿಯನ್ನೂ ಬಿಡಿಸಿದರು, ಅದು ನೋವಿನ ಸಂಗತಿ.

ಕೆಲವು ತಿಂಗಳಲ್ಲಿ ಗೀಟುಗಳು ತೆಳುವಾದವು. ಮಾತ್ರೆಯ ಪುಣ್ಯವೋ, ಕಾಫಿ ಬಿಟ್ಟ ಪುಣ್ಯವೋ ಪಟ್ಟಿ ಹೇಳದು, ಎರಡೂ ಒಟ್ಟಿಗೇ ಶುರುವಾದವು. ಯಜಮಾನರ ದೂರು ಕಡಿಮೆಯಾದದ್ದಂತೂ ನಿಜ.

ಇನ್ನು ತಕರಾರುಗಳು. ಹೊಸದರಲ್ಲಿ ವಾರವಿಡೀ ಬರುತ್ತಿದ್ದ ಬ್ಯಾಟರಿ ಈಗ ಎರಡು ರಾತ್ರಿಗೆ ಸುಸ್ತು. ಬೇಸಿಗೆಯ ಬೆವರಿಗೆ ಪಟ್ಟಿಯ ಕೆಳಗೆ ಕೆಂಪಗೆ ಗಂದೆ ಏಳುತ್ತದೆ. ಒಳಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿಕೊಂಡರೆ ತಡೆಯಬಹುದು. ಆ್ಯಪ್‌ನಲ್ಲಿ ಕನ್ನಡವಿಲ್ಲ. ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಹಳೆಯ ದಾಖಲೆ ನೋಡಲು ತಿಂಗಳ ಚಂದಾ ಕೇಳಿದ್ದು. ಅಲುಗಿದ್ದು ನನ್ನ ಕಾಲು, ಬಾಡಿಗೆ ಅವರಿಗೆ! ಗ್ರಾಹಕ ಸೇವೆಗೆ ಫೋನು ಮಾಡಿದರೆ ಎಲ್ಲದಕ್ಕೂ ಒಂದೇ ಔಷಧ: "ಆಫ್ ಮಾಡಿ ಆನ್ ಮಾಡಿ ಮೇಡಂ." ನಾನೀಗ ವಾರಕ್ಕೊಮ್ಮೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತೇನೆ.

ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು ಇದನ್ನು ಕೊಳ್ಳಬೇಡಿ. ಉಸಿರು ಮರಳುವಾಗಲೂ ಕಾಲು ಎಗರುತ್ತದೆ, ಪಟ್ಟಿಗೆ ಆ ಭೇದ ತಿಳಿಯದು; ನೇರ ನಿದ್ರಾ ಪರೀಕ್ಷೆಗೆ ಹೋಗಿ. ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರೂ ಮೊದಲು ಡಾಕ್ಟರನ್ನು ಕಾಣುವುದು ಲೇಸು. ಚಿಕಿತ್ಸೆ ಶುರುವಾಗಿದ್ದು, ಹಿಡಿಯುತ್ತಿದೆಯೋ ಇಲ್ಲವೋ ನೋಡಬೇಕೆನ್ನುವವರಿಗೆ ಅಡ್ಡಿಯಿಲ್ಲ. ನನ್ನಿಂದ 5ಕ್ಕೆ 3 ನಕ್ಷತ್ರ. ಚಂದಾ ತೆಗೆದರೆ ಇನ್ನೊಂದು ಕೊಡುತ್ತೇನೆ.