ಮಲೆನಾಡಿನ ಮನೆಗೆ ಸ್ಟಿಕ್ಕೋ, ಬಾಕ್ಸೋ?

ಇಂಟರ್ನೆಟ್ ಮೂಲಕ ಟಿವಿಯಲ್ಲಿ ಸಿನಿಮಾ, ಧಾರಾವಾಹಿ ನೋಡಲು ಟಿವಿಯ ಹಿಂದೆ ಸಿಕ್ಕಿಸುವ ಸ್ಟಿಕ್ ಕೊಳ್ಳಬೇಕೋ, ಪಕ್ಕದಲ್ಲಿಡುವ ಬಾಕ್ಸ್ ಕೊಳ್ಳಬೇಕೋ? ತೀರ್ಥಹಳ್ಳಿ, ಹೊಸನಗರದ ಕಡೆಯ ಹಳೇ ಮನೆಯಾದರೆ ಮೊದಲು ಗೋಡೆ ನೋಡಿ. ರೂಟರ್ ಜಗಲಿಯಲ್ಲಿ, ಟಿವಿ ಒಳಗೆ, ನಡುವೆ ಒಂದೂವರೆ ಅಡಿ ದಪ್ಪದ ಗೋಡೆ ಇದ್ದರೆ 5 ಗಿಗಾಹರ್ಟ್ಸ್ ವೈಫೈ ದಾಟುವುದೇ ಕಷ್ಟ; 2.4 ದಾಟೀತು, ವೇಗ ಕಮ್ಮಿ. ಇಂಥಲ್ಲಿ ಲ್ಯಾನ್ ಪೋರ್ಟ್ (ರೂಟರಿನಿಂದ ತಂತಿ ಎಳೆದು ಸಿಕ್ಕಿಸುವ ಜಾಗ) ಇರುವ ಬಾಕ್ಸೇ ಸರಿ. ಕೊಳ್ಳುವಾಗ ಹಿಂಬದಿ ನೋಡಿಯೇ ತನ್ನಿ, ಎಲ್ಲ ಬಾಕ್ಸ್‌ಗಳಲ್ಲೂ ಆ ಪೋರ್ಟ್ ಇರುವುದಿಲ್ಲ. ಟಿವಿ, ರೂಟರ್ ಒಂದೇ ಕೋಣೆಯಲ್ಲಿದ್ದರೆ ಫೈರ್ ಟಿವಿ ಸ್ಟಿಕ್ ಧಾರಾಳ ಸಾಕು.

ಸ್ಟಿಕ್ ಪದೇಪದೇ ರೀಸ್ಟಾರ್ಟ್ ಆಗುತ್ತಿದೆಯೇ? ಬಹುತೇಕ ಅದರ ಕರೆಂಟ್ ತಂತಿಯನ್ನು ಟಿವಿಯ ಯುಎಸ್‌ಬಿಗೆ ಸಿಕ್ಕಿಸಿರುತ್ತೀರಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು ಸಾಮಾನ್ಯವಾಗಿ 0.5 ಆಂಪಿಯರ್, ಅದು ಸಾಲದು. ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಕರೆಂಟ್ ಹೋದಾಗಲೂ ನೋಡಬೇಕೆಂದರೆ ಟಿವಿ, ಸ್ಟಿಕ್ ಜೊತೆ ರೂಟರನ್ನೂ ಇನ್ವರ್ಟರ್ ಲೈನಿಗೆ ಹಾಕಿ. ರೂಟರ್ ಮರೆಯುವವರೇ ಜಾಸ್ತಿ.

ಅತಿ ಸ್ಪಷ್ಟ ಚಿತ್ರದ 4ಕೆ ಬೇಕೇ? ನೆಟ್‌ಫ್ಲಿಕ್ಸ್ 1080ಪಿಗೆ (ಫುಲ್ ಎಚ್‌ಡಿ) 5, 4ಕೆಗೆ 15 ಎಂಬಿಪಿಎಸ್ ಇಂಟರ್ನೆಟ್ ವೇಗ ಕೇಳುತ್ತದೆ. 32 ಇಂಚಿನ ಟಿವಿಗೆ 4ಕೆ ಸ್ಟಿಕ್ ಬರೀ ದುಡ್ಡು ದಂಡ.

ಬಾಕ್ಸಿಗೆ ಒಂದು ಕೊರತೆ: ಸಿಡಿಲಿನ ಹೊಡೆತ ಲ್ಯಾನ್ ತಂತಿಯಲ್ಲೂ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಅದನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.