ಅಡ್ವೆಂಚರ್ ಬೈಕಿನ ವೈರಿಂಗಿಗೆ ಕತ್ತರಿ ಹಾಕಲು ಬಿಡಬೇಡಿ: ಕರಿಕೆ ರಸ್ತೆಯಲ್ಲಿ ನಮಗಾದದ್ದು

ಕಾಸರಗೋಡು, ಬದಿಯಡ್ಕ, ಮುಳ್ಳೇರಿಯ ಕಡೆ ಕಲ್ಲು-ಕೆಸರಿನ ದಾರಿಗೂ ಒಗ್ಗುವ ಅಡ್ವೆಂಚರ್ ಬೈಕ್ ಇಟ್ಟುಕೊಂಡಿರುವವರು, ಅದಕ್ಕೆ ಹೊರಗಿನ ಅಂಗಡಿಯಲ್ಲಿ ಹೆಚ್ಚುವರಿ ದೀಪ ಹಾಕಿಸಿರುವವರು, ಹಾಕಿಸಬೇಕೆಂದು ಹಣ ಕೂಡಿಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ ತುಲಾ ಸಂಕ್ರಮಣದ ಮರುದಿನ ರಾತ್ರಿ ನಾನೂ ತಂಗಿಯ ಮಗನೂ ಭಾಗಮಂಡಲದಿಂದ ಕರಿಕೆಗೆ ಇಳಿಯುವ ಕಾಡಿನ ರಸ್ತೆಯಲ್ಲಿ, ಸುರಿಯುವ ಮಳೆಯಲ್ಲಿ, ದೀಪವಿಲ್ಲದೆ ಎರಡು ತಾಸು ನಿಂತಿದ್ದೆವು. ಹಿಂದಿನಿಂದ ಬಂದ ಮರದ ಲಾರಿ ನಮ್ಮನ್ನು ಒಂದು ಮಾರು ದೂರದಲ್ಲಿ ದಾಟಿಹೋಯಿತು. ಅದಕ್ಕೆಲ್ಲ ಕಾರಣ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ನೀಲಿ ಪ್ಲಾಸ್ಟಿಕ್ ಕ್ಲಿಪ್.

ನನ್ನ ಬೈಕ್ ಯಾವ ಕಂಪನಿಯದೆಂದು ಬರೆಯುವುದಿಲ್ಲ. ತಪ್ಪು ಬೈಕಿನದಾಗಿರಲಿಲ್ಲ. ದೀಪ ಹಾಕಿದ ಅಂಗಡಿಯ ಹೆಸರನ್ನೂ ಬರೆಯುವುದಿಲ್ಲ. ಅದೇ ಬಗೆಯ ಕೆಲಸ ಮಾಡುವ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ; ಒಂದರ ಹೆಸರು ಹೇಳಿದರೆ ಉಳಿದವು ಸರಿ ಎಂದಾಗುತ್ತದೆ.

ಈ ಜಾತಿಯ ಬೈಕುಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಚಿತ್ರ ನೋಡಿ ಅಲ್ಲ. ನಮ್ಮ ಮನೆ ತೋಟದ ತಗ್ಗಿನಲ್ಲಿದೆ. ಡಾಮರು ರಸ್ತೆಗೆ ಬರಬೇಕಾದರೆ ಒಂದು ತೋಡು ದಾಟಿ ಮುರಕಲ್ಲಿನ ಏರು ಹತ್ತಬೇಕು. ಮಳೆಗಾಲದಲ್ಲಿ ಆ ಏರಿನಲ್ಲಿ ಕಲ್ಲೇ ರಸ್ತೆ, ನೀರೇ ಡಾಮರು. 2019ರಲ್ಲಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಬಂದಾಗ ಅದರ ಹೊಟ್ಟೆಗೂ ನೆಲಕ್ಕೂ 220 ಮಿಲಿಮೀಟರ್ ಅಂತರವಿದೆ ಎಂಬ ಒಂದೇ ಸಾಲನ್ನು ನಾನು ಹತ್ತು ಸಲ ಓದಿದ್ದೆ. ಆಮೇಲೆ ಈ ಬೈಕುಗಳ ಹಿಂದಿನ ಬುದ್ಧಿಯನ್ನು ಅರಿಯುತ್ತ ಹೋದಂತೆ ಪ್ರೀತಿ ಇನ್ನೂ ಗಟ್ಟಿಯಾಯಿತು. 1980ರಲ್ಲಿ ಬಿಎಂಡಬ್ಲ್ಯು ಕಂಪನಿ ಆರ್ 80 ಜಿ/ಎಸ್ ತಂದಾಗ ಹಿಂದಿನ ಚಕ್ರವನ್ನು ಒಂದೇ ಬದಿಯ ತೋಳಿನಲ್ಲಿ ಹಿಡಿದು ನಿಲ್ಲಿಸಿತ್ತು. ಮರುವರ್ಷವೇ ಫ್ರಾನ್ಸಿನ ಸವಾರ ಯುಬೆರ್ ಓರಿಯೋಲ್ ಅದೇ ಕುಲದ ಬೈಕಿನಲ್ಲಿ ಪ್ಯಾರಿಸ್–ಡಕಾರ್ ಮರುಭೂಮಿ ರೇಸ್ ಗೆದ್ದ. 2013ರ ಕೊನೆಗೆ ಕೆಟಿಎಂ 1190 ಅಡ್ವೆಂಚರ್‌ನಲ್ಲಿ ತಿರುವಿನಲ್ಲಿ ವಾಲಿಕೊಂಡೇ ಬ್ರೇಕ್ ಹಿಡಿದರೂ ಚಕ್ರ ಕಚ್ಚಿ ಜಾರದಂತೆ ಕಾಯುವ ಎಬಿಎಸ್ ಬಂತು. 2020ರಲ್ಲಿ ಆ ವಿದ್ಯೆ 390 ಅಡ್ವೆಂಚರ್‌ನ ಮೂಲಕ ನಮ್ಮಂಥವರ ಕೈಗೂ ಎಟುಕಿತು. ಅದೇ ವರ್ಷದ ಕೊನೆಗೆ ಡುಕಾಟಿಯವರು ಮಲ್ಟಿಸ್ಟ್ರಾಡಾ ವಿ4ರ ಹಿಂದೆ ಮುಂದೆ ಎರಡೂ ಕಡೆ ರೇಡಾರ್ ಕೂರಿಸಿದರು. ನಮ್ಮ ಕೇರಳದ್ದೇ ಶೋರನೂರಿನ ಹಾರಿತ್ ನೋವಾ 2024ರ ಡಕಾರ್‌ನಲ್ಲಿ ರ‍್ಯಾಲಿ-2 ವಿಭಾಗ ಗೆದ್ದ ದಿನ ನಾನು ಅಡಿಕೆ ಸುಲಿಯುವುದನ್ನು ಬಿಟ್ಟು ಮೊಬೈಲ್ ಹಿಡಿದು ಕೂತಿದ್ದೆ. ಇಷ್ಟೆಲ್ಲ ತಿಳಿದುಕೊಂಡವನು ತಿಳಿಯಲೇಬೇಕಾಗಿದ್ದ ಒಂದು ವಿಷಯವನ್ನು ತಿಳಿದಿರಲಿಲ್ಲ. ಅದು ವೈರಿನದು.

ಹಳೆಯ ಬೈಕಿನಲ್ಲಿ ಎಕ್ಸಲರೇಟರ್ ತಿರುಗಿಸಿದರೆ ಉಕ್ಕಿನ ಕೇಬಲ್ ಎಳೆಯಲ್ಪಟ್ಟು ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲು ತೆರೆಯುತ್ತಿತ್ತು. ದೀಪದ ವೈರು ದೀಪಕ್ಕೆ, ಹಾರ್ನಿನ ವೈರು ಹಾರ್ನಿಗೆ. ಒಂದನ್ನು ಕತ್ತರಿಸಿದರೆ ಇನ್ನೊಂದಕ್ಕೆ ನೋವಿಲ್ಲ. ಈಗಿನ ಹಲವು ಬೈಕುಗಳಲ್ಲಿ, ನನ್ನದರಲ್ಲೂ, ಆ ಕೇಬಲ್ಲೇ ಇಲ್ಲ. ಹಿಡಿಯ ಬಳಿ ಎರಡು ಸೆನ್ಸರ್‌ಗಳು ನೀವು ಎಷ್ಟು ತಿರುಗಿಸಿದಿರಿ ಎಂದು ಅಳೆದು ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಹೇಳುತ್ತವೆ. ಇಸಿಯು ಒಂದು ಪುಟ್ಟ ಮೋಟಾರಿನಿಂದ ಬಾಗಿಲು ತೆರೆಸುತ್ತದೆ. ಎರಡು ಸೆನ್ಸರ್ ಏಕೆಂದರೆ ಒಂದು ಸುಳ್ಳು ಹೇಳಿದರೆ ಇನ್ನೊಂದರಿಂದ ಗೊತ್ತಾಗಬೇಕು. ಎರಡರ ಮಾತು ತಾಳೆಯಾಗದಿದ್ದರೆ ಇಸಿಯು ಯಾರನ್ನೂ ನಂಬದೆ, ಎಂಜಿನ್ ನಿಂತಲ್ಲೇ ಗುರುಗುಡುವಷ್ಟು ಬಿಟ್ಟು, ಬಾಗಿಲು ಮುಚ್ಚಿಬಿಡುತ್ತದೆ. ಬೈಕ್ ತಾನಾಗಿ ಮುನ್ನುಗ್ಗಿ ಸವಾರನನ್ನು ಕೊಲ್ಲಬಾರದೆಂಬುದು ಅದರ ಲೆಕ್ಕ. ಅದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ, ಕುಂಟು ನಡಿಗೆ. ಎಬಿಎಸ್, ಹಿಂದಿನ ಚಕ್ರ ಜಾರದಂತೆ ಕಾಯುವ ಟ್ರ್ಯಾಕ್ಷನ್ ಕಂಟ್ರೋಲ್, ಮೀಟರಿನ ಪರದೆ, ವಾಲುವಿಕೆ ಅಳೆಯುವ ಸೆನ್ಸರ್ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಎರಡು ವೈರುಗಳ ಮೇಲೆ ಮಾತನಾಡಿಕೊಳ್ಳುತ್ತವೆ. ಇದೇ ಕ್ಯಾನ್ ಬಸ್. ಬಾಷ್ ಕಂಪನಿ ಕಾರುಗಳಿಗಾಗಿ ರೂಪಿಸಿ 1986ರಲ್ಲಿ ಹೊರತಂದದ್ದು. ಈ ವೈರುಗಳೆಲ್ಲ ಕಟ್ಟಾಗಿ ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿಯೇ ಹಾದುಹೋಗುತ್ತವೆ. ಮನುಷ್ಯನಿಗೆ ಕುತ್ತಿಗೆ ಹೇಗೋ ಬೈಕಿಗೂ ಹಾಗೆ.

ಅಲ್ಲಿಗೇ ಆ ಅಂಗಡಿಯವರು ಕೈ ಹಾಕಿದ್ದು.

ಜೂನ್ ತಿಂಗಳ ಮೊದಲ ವಾರ, ಮಂಗಳೂರಿಗೆ ಹೋಗುವ ದಾರಿಯಲ್ಲಿರುವ ಒಂದು ಅಂಗಡಿಯಲ್ಲಿ ನಲವತ್ತು ವ್ಯಾಟಿನ ಎರಡು ಎಲ್‌ಇಡಿ ಮಂಜುದೀಪಗಳನ್ನೂ ಮೊಬೈಲ್ ಚಾರ್ಜರನ್ನೂ ಹಾಕಿಸಿದೆ. ನಲವತ್ತೈದು ನಿಮಿಷದಲ್ಲಿ ಕೆಲಸ ಮುಗಿಯಿತು. ನಾನು ಎದುರು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಅಲ್ಲಿ ನಿಂತು ನೋಡಬೇಕಾಗಿತ್ತು. "ವೈರು ಕತ್ತರಿಸಲಿಲ್ಲ ತಾನೇ?" ಎಂದು ಕೇಳಿದಾಗ "ಒಂದು ವೈರನ್ನೂ ಕತ್ತರಿಸಿಲ್ಲ ಸರ್" ಎಂದರು. ಆ ಮಾತು ಒಂದು ರೀತಿಯಲ್ಲಿ ನಿಜ. ಕತ್ತರಿಸುವ ಬದಲು ನೀಲಿ ಕ್ಲಿಪ್ಪನ್ನು ವೈರಿನ ಮೇಲೆ ಒತ್ತಿದ್ದರು. ಅದರೊಳಗಿನ ಲೋಹದ ಹಲ್ಲು ವೈರಿನ ಸಿಪ್ಪೆಯನ್ನು ಸೀಳಿ ತಾಮ್ರವನ್ನು ಕಚ್ಚುತ್ತದೆ. ಅಲ್ಲಿಂದ ಇನ್ನೊಂದು ವೈರಿಗೆ ಕರೆಂಟು. ಒಣ ನಾಡಿನಲ್ಲಿ ಅದು ಎಷ್ಟು ಕಾಲ ಬಾಳುತ್ತದೋ, ನಮ್ಮ ಮಳೆಯಲ್ಲಿ ನಾಲ್ಕು ತಿಂಗಳು ಬಾಳಿತು.

ಇನ್ನೂ ದೊಡ್ಡ ತಪ್ಪು ಬೇರೆ ಇತ್ತು. ಎರಡು ದೀಪ ಸೇರಿ ಎಂಬತ್ತು ವ್ಯಾಟ್. ಹನ್ನೆರಡು ವೋಲ್ಟಿನಲ್ಲಿ ಅದು ಆರೂವರೆ ಆಂಪಿಯರಿಗಿಂತ ಹೆಚ್ಚು. ಇದು ಬ್ಯಾಟರಿಯಿಂದ ನೇರವಾಗಿ, ತನ್ನದೇ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಡಿಸುವ ಸ್ವಿಚ್) ಮೂಲಕ ಬರಬೇಕಾದ ಹೊರೆ. ಅವರು ಅದನ್ನು ಪಾರ್ಕಿಂಗ್ ದೀಪದ ತೆಳುವಾದ ವೈರಿನಿಂದ ಎಳೆದಿದ್ದರು. ಹೆಡ್‌ಲೈಟೂ ಅದೇ ಫ್ಯೂಸಿನ ಮೇಲಿತ್ತು. ಅಷ್ಟು ಸಾಲದೆ ಹೊಸ ವೈರನ್ನೂ ಕಂಪನಿಯ ಕಟ್ಟನ್ನೂ ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಚೌಕಟ್ಟಿಗೆ ಬಿಗಿದು ಕಟ್ಟಿದ್ದರು. ಹ್ಯಾಂಡಲ್ ತಿರುಗುವಾಗ ಆ ಕಟ್ಟು ಸಡಿಲವಾಗಿ ತೂಗಬೇಕು. ಬಿಗಿದರೆ ಪ್ರತಿ ತಿರುವಿನಲ್ಲೂ ಕಬ್ಬಿಣದ ಅಂಚಿಗೆ ಉಜ್ಜುತ್ತದೆ.

ಬೈಕ್ ನನ್ನನ್ನು ಎಚ್ಚರಿಸಿತ್ತು. ಆಗಸ್ಟಿನಲ್ಲಿ ತೊಳೆದ ಮೇಲೆ ಒಮ್ಮೆ ಎಬಿಎಸ್ ದೀಪ ಆರದೆ ಉಳಿಯಿತು. ಚಾವಿ ತೆಗೆದು ಹಾಕಿದೆ, ಆರಿತು. ಸೆಪ್ಟೆಂಬರಿನಲ್ಲಿ ಬೋವಿಕ್ಕಾನದ ಬಳಿ ಎಕ್ಸಲರೇಟರ್ ಒಂದು ಕ್ಷಣ ಸತ್ತು ಮತ್ತೆ ಬದುಕಿತು. ಅಂಗಡಿಗೆ ಫೋನ್ ಮಾಡಿದರೆ ಮಳೆಗಾಲದಲ್ಲಿ ಇದೆಲ್ಲ ಸಾಮಾನ್ಯ ಎಂದರು. ಸಾಮಾನ್ಯ ಅಲ್ಲ. ಪರದೆಯ ಮೇಲಿನ ದೀಪ ಆರಿದರೂ ದೋಷದ ಸಂಕೇತ ಇಸಿಯುವಿನ ನೆನಪಿನಲ್ಲಿ ಉಳಿದಿರುತ್ತದೆ. ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಉಪಕರಣ ಜೋಡಿಸಿದರೆ ಐದು ನಿಮಿಷದಲ್ಲಿ ಓದಿ ಹೇಳುತ್ತಾರೆ. ಆ ಐದು ನಿಮಿಷವನ್ನು ನಾನು ಕೊಡಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ, ಏಕೆಂದರೆ ಹಿಂದಿನ ಸೀಟಿನಲ್ಲಿ ಕೂತಿದ್ದವನು ನನ್ನ ಮಗನಲ್ಲ, ತಂಗಿ ನನ್ನನ್ನು ನಂಬಿ ಕಳುಹಿಸಿದ ಹುಡುಗ.

ಅಮ್ಮನಿಗೆ ಕಾವೇರಿ ತೀರ್ಥ ಬೇಕಿತ್ತು. ಸಂಕ್ರಮಣದ ದಿನದ ಜನಜಂಗುಳಿ ಬೇಡವೆಂದು ಮರುದಿನ ಹೋದೆವು. ಬಂದಡ್ಕ, ಪಾಣತ್ತೂರು, ಕರಿಕೆ, ಭಾಗಮಂಡಲ, ತಲಕಾವೇರಿ. ಹೋಗುವಾಗ ಬಿಸಿಲು, ಕಾಡಿನ ತಂಪು, ಬೈಕ್ ನೀರಿನಂತೆ ಹರಿಯಿತು. ಹಿಂತಿರುಗುವಾಗ ತಡವಾಯಿತು. ತುಲಾ ತಿಂಗಳ ಮಳೆ ನಮ್ಮ ಕಡೆಯವರಿಗೆ ಗೊತ್ತು: ಮಧ್ಯಾಹ್ನದವರೆಗೆ ಸುಳಿವೇ ಇರುವುದಿಲ್ಲ, ಸಂಜೆಗೆ ಗುಡುಗಿನೊಂದಿಗೆ ಒಮ್ಮೆಲೇ ಕವಿಯುತ್ತದೆ. ಭಾಗಮಂಡಲ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಕತ್ತಲೆಯೂ ಮಳೆಯೂ ಒಟ್ಟಿಗೆ ಬಂದವು. ಮಂಜುದೀಪ ಹಾಕಿದೆ. ರಸ್ತೆ ಬೆಳ್ಳಗೆ ಕಂಡಿತು. ಹಾಕಿಸಿದ್ದು ಒಳ್ಳೆಯದಾಯಿತು ಎಂದು ಹುಡುಗನಿಗೆ ಹೇಳಿದ್ದು ನೆನಪಿದೆ.

ಮೋರಿಯೊಂದನ್ನು ದಾಟಿ ಚಿಕ್ಕ ಏರು, ಬಲಕ್ಕೆ ತಿರುವು. ಹಿಂದೆ ಮರ ತುಂಬಿದ ಲಾರಿಯ ಬೆಳಕು. ತಿರುವಿನ ನಡುವೆ ಎಕ್ಸಲರೇಟರ್ ತಿರುಗಿಸಿದರೂ ಎಂಜಿನ್ ಏಳಲಿಲ್ಲ. ನಿಂತಲ್ಲೇ ಗುರುಗುಡುತ್ತಿತ್ತು, ಅಷ್ಟೇ. ಪರದೆಯ ಮೇಲೆ ಹಳದಿ ದೀಪಗಳು ಸಾಲಾಗಿ ಹತ್ತಿಕೊಂಡವು. ಲಾರಿಯವನು ಹಾರ್ನ್ ಒತ್ತಿದ. ಏರಿನಲ್ಲಿ ಅವನಿಗೂ ನಿಲ್ಲಿಸಲಾಗದು. ಇದ್ದ ವೇಗದಲ್ಲೇ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಅಂಚಿಗೆ ಹಾಕಿದೆ. ಆ ತಿರುಗಿಸುವಿಕೆಯಲ್ಲಿ ಬಿಗಿದ ಕಟ್ಟು ಎಳೆದುಕೊಂಡು, ಸಿಪ್ಪೆ ಸವೆದಿದ್ದ ದೀಪದ ವೈರು ಚೌಕಟ್ಟಿಗೆ ತಾಗಿ ಫ್ಯೂಸ್ ಹೋಯಿತು. ಮಂಜುದೀಪ, ಹೆಡ್‌ಲೈಟ್, ಹಿಂದಿನ ಕೆಂಪು ದೀಪ ಎಲ್ಲವೂ ಒಂದೇ ಸಲ ಆರಿದವು. ಲಾರಿಯವನಿಗೆ ಕಾಣುವಂಥದ್ದು ನಮ್ಮ ಬಳಿ ಏನೂ ಉಳಿದಿರಲಿಲ್ಲ. ಅವನು ದಾಟಿಹೋದ ಗಾಳಿ ಮುಖಕ್ಕೆ ಬಡಿಯಿತು.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮೊಬೈಲಿನ ಟಾರ್ಚ್ ಹಾಕಿದಾಗ ಕಂಡದ್ದು ರಸ್ತೆಯ ಮೇಲೆ ಮಳೆಗೆ ಕರಗುತ್ತಿದ್ದ ಆನೆಯ ಲದ್ದಿ. ಹುಡುಗ ಏನೂ ಮಾತನಾಡಲಿಲ್ಲ. ತೀರ್ಥದ ಬಾಟಲಿಯನ್ನು ಎದೆಗೆ ಒತ್ತಿಕೊಂಡು ನನ್ನ ಮಗ್ಗುಲಿಗೆ ನಿಂತಿದ್ದ. ಎರಡು ತಾಸಿನ ಮೇಲೆ ಪಾಣತ್ತೂರಿನ ಒಂದು ಜೀಪು ಬಂತು. ಚಾಲಕ ನಮ್ಮಿಂದ ಡೀಸೆಲ್ಲಿನ ಹಣವನ್ನೂ ತೆಗೆದುಕೊಳ್ಳಲಿಲ್ಲ. ಬೈಕನ್ನು ಮರುದಿನ ಪಿಕಪ್‌ನಲ್ಲಿ ತರಿಸಿದೆ.

ಸರ್ವೀಸ್ ಕೇಂದ್ರದ ತಂತ್ರಜ್ಞ ಟ್ಯಾಂಕ್ ಎತ್ತಿ ಕಪ್ಪು ಟೇಪನ್ನು ಬಿಚ್ಚಿ ನನಗೆ ತೋರಿಸಿದ. ಕ್ಲಿಪ್ಪಿನೊಳಗೆ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು. ಪಕ್ಕದಲ್ಲಿ ಎಕ್ಸಲರೇಟರ್ ಸೆನ್ಸರಿನ ಒಂದು ವೈರು ಸಿಪ್ಪೆ ಸವೆದು ಬರಿಮೈಯಾಗಿ ನೀರು ಕುಡಿದಿತ್ತು. ಸೆನ್ಸರ್ ಸರಿ, ಇಸಿಯು ಸರಿ. ನೀರಿನಿಂದ ಒಂದು ಸೆನ್ಸರಿನ ಮಾತು ತಪ್ಪಾಗಿ ಕೇಳಿಸಿತು, ಇಸಿಯು ಮಾಡಬೇಕಾದ್ದನ್ನೇ ಮಾಡಿತು. ಹೊಸ ಹಾರ್ನೆಸ್ (ವೈರುಗಳ ಇಡೀ ಕಟ್ಟು) ಮತ್ತು ಕೂಲಿ ಸೇರಿ ಇಪ್ಪತ್ತೆಂಟು ಸಾವಿರ ರೂಪಾಯಿ. ವಾರಂಟಿ ಇನ್ನೂ ಎಂಟು ತಿಂಗಳಿತ್ತು, ಆದರೆ ಹೊರಗಿನವರು ಕೈ ಹಾಕಿದ ವೈರಿಂಗಿಗೆ ಅದು ಅನ್ವಯಿಸುವುದಿಲ್ಲ ಎಂದರು. ಕಿರುಪುಸ್ತಕ ತೆಗೆದು ನೋಡಿದೆ. ಬರೆದಿತ್ತು, ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಅಂಗಡಿಯವರು ದೀಪದ ಹಣ ಹಿಂತಿರುಗಿಸುತ್ತೇವೆ ಎಂದರು, ಹಾರ್ನೆಸ್ಸಿನ ಮಾತು ಎತ್ತಿದ ಮೇಲೆ ಫೋನ್ ಎತ್ತಲಿಲ್ಲ.

ದೀಪವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಮಳೆಗೆ, ನಮ್ಮ ರಸ್ತೆಗೆ ಬೆಳಕು ಬೇಕು. ಮೊದಲು ನಿಮ್ಮ ಬೈಕಿಗೆ ಕಂಪನಿಯೇ ಮಾರುವ ದೀಪ ಇದೆಯೇ ಎಂದು ಕೇಳಿ. ಬೆಲೆ ಹೆಚ್ಚು, ಆದರೆ ಅದು ಸಾಮಾನ್ಯವಾಗಿ ಕಂಪನಿಯೇ ಬಿಟ್ಟಿರುವ ಸಾಕೆಟ್ಟಿಗೆ ಕೂರುತ್ತದೆ, ಯಾವ ವೈರನ್ನೂ ಕಚ್ಚಬೇಕಾಗಿಲ್ಲ. ಹೊರಗಿನದನ್ನೇ ಹಾಕಿಸುವುದಾದರೆ ಕರೆಂಟು ಬ್ಯಾಟರಿಯಿಂದಲೇ ಬರಲಿ, ಬ್ಯಾಟರಿಯ ಪಕ್ಕದಲ್ಲೇ ಅದಕ್ಕೊಂದು ಪ್ರತ್ಯೇಕ ಫ್ಯೂಸ್ ಇರಲಿ, ರಿಲೇ ಇಲ್ಲದೆ ಹಾಕುತ್ತೇನೆ ಎನ್ನುವವನ ಕೈಗೆ ಚಾವಿ ಕೊಡಬೇಡಿ. ಕೆಲಸ ನಡೆಯುವಾಗ ಪಕ್ಕದಲ್ಲೇ ನಿಲ್ಲಿ. ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ, ಕುತ್ತಿಗೆಯ ಬಳಿ ವೈರು ಎಳೆದುಕೊಳ್ಳುತ್ತದೆಯೇ ಎಂದು ಕಣ್ಣಾರೆ ನೋಡಿ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಸೆಕ್ಷನ್ ವಾಹನದ ಮೂಲ ರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ ಎಂಬುದೂ ನೆನಪಿರಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೀಟು ಬಿಚ್ಚಿಸಿ ನೋಡದೆ ಮುಂಗಡ ಕೊಡಬೇಡಿ. ದೀಪ ಕಳಚಿ ಮಾರಿರುತ್ತಾರೆ, ಕ್ಲಿಪ್ ಒಳಗೇ ಉಳಿದಿರುತ್ತದೆ.

ನಿಮ್ಮ ಬೈಕಿಗೆ ಈಗಾಗಲೇ ದೀಪ ಹಾಕಿಸಿದ್ದರೆ ಇಂದೇ ಹಗಲು ಬೆಳಕಿನಲ್ಲಿ ಸೀಟು ತೆಗೆಯಿರಿ, ಟ್ಯಾಂಕಿನ ಮುಂಭಾಗದ ಕೆಳಗೆ, ಹ್ಯಾಂಡಲಿನ ಕುತ್ತಿಗೆಯ ಎರಡೂ ಬದಿ ಇಣುಕಿ ನೋಡಿ. ಕಂಪನಿಯ ಟೇಪು ಬಟ್ಟೆಯಂತೆ ಒರಟಾಗಿರುತ್ತದೆ, ಅಂಗಡಿಯ ಟೇಪು ನುಣುಪಾಗಿ ಹೊಳೆಯುತ್ತದೆ. ಹೊಳೆಯುವ ಟೇಪು ಕಂಡರೆ ಬಿಚ್ಚಿಸಿ. ಒಳಗೆ ನೀಲಿಯೋ ಕೆಂಪೋ ಕ್ಲಿಪ್ ಸಿಕ್ಕಿದರೆ ಅದನ್ನು ತೆಗೆಸಿ ಆ ವೈರನ್ನು ಸರಿಪಡಿಸುವವರೆಗೆ ಮನೆಯವರನ್ನು ಹಿಂದೆ ಕೂರಿಸಿಕೊಂಡು ಘಾಟಿ ಹತ್ತಬೇಡಿ.