ಕಾಗದ ಚೂರು ಮಾಡಿದ ಸರ್ಟಿಫಿಕೇಟ್ ಬಂತು, ಚೂರು ಮಾತ್ರ ಆಗಿರಲಿಲ್ಲ

ನಮ್ಮ ಆಫೀಸಿನ ಹಳೇ ಕಾಗದ ಒಯ್ಯುವ ಕೆಲಸವನ್ನು ಒಂದು ಸಂಸ್ಥೆಗೆ ವಹಿಸಿದ್ದೆವು. ಅವರನ್ನು ಗೊತ್ತು ಮಾಡಿದ್ದು ನಾನೇ, ಕೊನೆಗೆ ಬೈಸಿಕೊಂಡಿದ್ದೂ ನಾನೇ. ಹೆಸರು ಬೇಡ ಬಿಡಿ. ಇಂಥದ್ದೊಂದು ಅಗ್ರಿಮೆಂಟಿಗೆ ಸಹಿ ಹಾಕೋ ಯೋಚನೆ ನಿಮಗಿದ್ದರೆ ಮೊದಲು ಇದನ್ನು ಓದಿ.

ಬಂದವರು ಮಾತಿನಲ್ಲಿ ಗಟ್ಟಿಗರು. ಬೀಗ ಹಾಕಿದ ಡಬ್ಬಿ ನಾವೇ ಇಡ್ತೀವಿ, ತಿಂಗಳಿಗೊಮ್ಮೆ ಒಯ್ತೀವಿ, ಚೂರು ಮಾಡಿ ಪೇಪರ್ ಮಿಲ್ಲಿಗೆ ಕಳಿಸ್ತೀವಿ, ಸರ್ಟಿಫಿಕೇಟೂ ಕೊಡ್ತೀವಿ ಅಂದರು. ನಾನು ಖುಷಿಯಿಂದ ಸಹಿ ಹಾಕಿದೆ.

ಎರಡನೇ ತಿಂಗಳಿನಿಂದ ಬಿಲ್ಲಿನಲ್ಲಿ 'ಕಲಬೆರಕೆ ಶುಲ್ಕ' ಅಂತ ಒಂದು ಸಾಲು ಸೇರಿಕೊಂಡಿತು. ಇದರಲ್ಲಿ ನಮ್ಮ ತಪ್ಪೂ ಸ್ವಲ್ಪ ಇತ್ತು. ಯಾರೋ ಡಬ್ಬಿಗೆ ಪೇಪರಿನ ಕಾಫಿ ಕಪ್ ಹಾಕಿದ್ದರು. ಅದರ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಕಾಗದದ ಜೊತೆ ಹಾಕಬಾರದು. ಅದು ಸರಿ. ಆದರೆ ಮುಂದಿನ ತಿಂಗಳು ಸ್ಟೇಪ್ಲರ್ ಪಿನ್ ಇತ್ತು ಅಂತಲೂ ದುಡ್ಡು ಕಿತ್ತರು! ಮಿಲ್ಲಿನಲ್ಲಿ ಕಾಗದವನ್ನು ನೀರಲ್ಲಿ ಕಲಸಿ ಸೋಸುವಾಗ ಪಿನ್ ತಾನೇ ಬೇರೆಯಾಗುತ್ತದೆ. ಫೋಟೋ ತೋರಿಸಿ ಅಂದರೆ ಉತ್ತರವಿಲ್ಲ.

ಇಷ್ಟಾದರೂ ಸುಮ್ನಿದ್ದೆ. ನನಗೆ ನಿಜವಾಗಿ ಅನುಮಾನ ಬಂದಿದ್ದು ತೂಕದ ಚೀಟಿ ನೋಡಿ. ನಾವು ಬಳಸುವುದು 80 ಜಿಎಸ್ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಎ4 ಹಾಳೆ. ಒಂದು ಹಾಳೆ 5 ಗ್ರಾಂ, 500 ಹಾಳೆಯ ಒಂದು ರೀಮ್ ಎರಡೂವರೆ ಕೆಜಿ. ಆ ತಿಂಗಳು ಸ್ಟೋರ್ ರೂಮ್ ಖಾಲಿ ಮಾಡಿ 40 ರೀಮಿನಷ್ಟು ಹಳೇ ಫೈಲು ಕೊಟ್ಟಿದ್ದೆವು. ಅಂದರೆ ಸುಮಾರು 100 ಕೆಜಿ ಆಗಬೇಕು ಅಲ್ವಾ? ಚೀಟಿಯಲ್ಲಿ ಇದ್ದದ್ದು 61. ಉಳಿದ 39 ಕೆಜಿ ಎಲ್ಲಿ ಹೋಯಿತು?

ಆಮೇಲೆ ಸರ್ಟಿಫಿಕೇಟನ್ನು ತೆಗೆದು ನೋಡಿದೆ. ಗಾಡಿ ಬಂದದ್ದು 15ನೇ ತಾರೀಖು. ಚೂರು ಮಾಡಿದ ತಾರೀಖು 14. ಕಾಗದ ನಮ್ಮ ಬಾಗಿಲು ದಾಟುವ ಮುಂಚೆಯೇ ಚೂರಾಗಿತ್ತು! ತೂಕ ಇಲ್ಲ, ಡಬ್ಬಿಯ ನಂಬರ್ ಇಲ್ಲ, ಕೆಳಗೆ ಮಾತ್ರ ಚೆಂದದ ಸೀಲು.

ಹತ್ತು ದಿನ ಕಳೆದಿರಬೇಕು, ಗುರುತಿಲ್ಲದ ಒಬ್ಬರು ಫೋನ್ ಮಾಡಿದರು. ರದ್ದಿ ಗೋದಾಮಿನಲ್ಲಿ ನಿಮ್ಮ ಆಫೀಸಿನ ಹೆಸರಿರುವ ಫೈಲು ಬಿದ್ದಿದೆ, ಬೇಕಾ ಅಂತ ಕೇಳಿ ಫೋಟೋ ಕಳಿಸಿದರು. ಕೆಲಸಕ್ಕೆ ಬಂದ ಅರ್ಜಿಗಳು. ಮನೆ ವಿಳಾಸ, ಹುಟ್ಟಿದ ದಿನ, ಸಹಿ, ಎಲ್ಲ ಇತ್ತು. ಮೇಲಿನ ಹಾಳೆಯ ಅಂಚಿನಲ್ಲಿ ಹಸಿರು ಇಂಕಿನಲ್ಲಿ 'ನಾಳೆ ಫೋನ್ ಮಾಡಬೇಕು' ಅಂತ ಬರೆದಿತ್ತು. ಅದು ನನ್ನದೇ ಅಕ್ಷರ.

ಹೀಗ್ಯಾಕೆ ಮಾಡುತ್ತಾರೆ ಅಂದರೆ, ಚೂರು ಮಾಡಿದರೆ ಕಾಗದದ ನಾರು ತುಂಡಾಗುತ್ತದೆ, ವಿಂಗಡಿಸುವುದೂ ಕಷ್ಟ. ಇಡೀ ಹಾಳೆಗೆ ಮಿಲ್ಲಿನಲ್ಲಿ ಬೆಲೆ ಜಾಸ್ತಿ. ಚೂರು ಮಾಡೋ ಖರ್ಚೂ ಉಳಿಯಿತು.

ಅಗ್ರಿಮೆಂಟ್ ಹಿಡಿದು ಜಗಳಕ್ಕೆ ಹೋದೆ. ಅದರಲ್ಲಿ 'ಸುರಕ್ಷಿತವಾಗಿ ನಾಶ' ಅಂತಷ್ಟೇ ಇದೆ. ಎಷ್ಟು ಚಿಕ್ಕ ಚೂರು, ಎಲ್ಲಿ, ಎಷ್ಟು ದಿನದೊಳಗೆ, ಏನೂ ಇಲ್ಲ. ಚೂರು ಎಷ್ಟು ಚಿಕ್ಕದಿರಬೇಕು ಅನ್ನೋದಕ್ಕೆ ಐಎಸ್ಒ/ಐಇಸಿ 21964 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ ಅನ್ನೋದು ನನಗೆ ಆಮೇಲೆ ತಿಳಿಯಿತು. ಕಾಗದಕ್ಕೆ ಪಿ-1ರಿಂದ ಪಿ-7ರವರೆಗೆ ಮಟ್ಟಗಳು, ಅಂಕಿ ಹೆಚ್ಚಾದಷ್ಟೂ ಚೂರು ಚಿಕ್ಕದು. ಪಿ-2 ಅಂದರೆ 6 ಮಿಮೀ ಅಗಲದ ಉದ್ದ ಪಟ್ಟಿಯೂ ನಡೆಯುತ್ತದೆ, ತಾಳ್ಮೆ ಇದ್ದವರು ಜೋಡಿಸಿ ಓದಬಹುದು. ಪಿ-4ರಲ್ಲಿ ಒಂದು ಚೂರು 160 ಚದರ ಮಿಮೀ ದಾಟುವಂತಿಲ್ಲ. ಜನರ ಹೆಸರು, ವಿಳಾಸ ಇರುವ ಕಾಗದಕ್ಕೆ ಪಿ-4 ಅಂತ ಬರೆಸಿಕೊಳ್ಳಿ. ಇನ್ನು ಗಾಡಿಯಲ್ಲೇ ಯಂತ್ರ ಇಟ್ಟುಕೊಂಡು ಬಂದು ನಿಮ್ಮ ಕಣ್ಣೆದುರೇ ಚೂರು ಮಾಡುವವರೂ ಇದ್ದಾರೆ, ಸ್ವಲ್ಪ ದುಬಾರಿಯಾದರೂ ನನ್ನ ಓಟು ಅವರಿಗೇ.

ಬಿಟ್ಟು ಬಿಡೋಣ ಅಂದರೆ ಅದೂ ಸುಲಭವಲ್ಲ. ಮೂರು ವರ್ಷದ ಅಗ್ರಿಮೆಂಟು. ಮುಗಿಯುವ 90 ದಿನ ಮೊದಲು ಬೇಡ ಅಂತ ಬರೆದು ಕೊಡದಿದ್ದರೆ ಮತ್ತೆ ಮೂರು ವರ್ಷ ತಾನಾಗಿಯೇ ಮುಂದುವರಿಯುತ್ತದಂತೆ. ಕೊನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು.

ಈಗ ನಾವು ಅವರಿಗೆ ಒಂದು ಹಾಳೆಯನ್ನೂ ಕೊಡುತ್ತಿಲ್ಲ, ವಕೀಲರು ಪತ್ರ ಬರೆದಿದ್ದಾರೆ. ಬೀಗದ ಡಬ್ಬಿ ಖಾಲಿಯಾಗಿ ಮೂಲೆಯಲ್ಲಿ ನಿಂತಿದೆ. ಅದರ ಬಾಡಿಗೆ ಬಿಲ್ಲು ಮೊನ್ನೆ ಮತ್ತೆ ಬಂತು.